ಮೀನಿನ ಲೈಬ್ರರಿಯ ತೆಳು ಪುಸ್ತಕಗಳು

1956ರ ನವೆಂಬರ್ 1ರವರೆಗೆ ಮೈಸೂರು ರಾಜ್ಯಕ್ಕೆ ಸಮುದ್ರವೇ ಇರಲಿಲ್ಲ. ಮಂಗಳೂರು, ಮಲ್ಪೆ, ಗಂಗೊಳ್ಳಿ ಮದರಾಸಿಗೆ ಸೇರಿದ್ದವು. ಕಾರವಾರ, ಹೊನ್ನಾವರ, ಭಟ್ಕಳ ಬೊಂಬಾಯಿಗೆ. ಶಾಲೆಯಲ್ಲಿ ಓದಿದ ವಿಷಯವೇ, ಹೊಸದೇನಲ್ಲ. ಆದರೆ ಇದರಿಂದ ಇವತ್ತಿಗೂ ಒಂದು ತೊಂದರೆ ಉಳಿದುಕೊಂಡಿದೆ ಅಂತ ಗೊತ್ತಾಗಿದ್ದು ನಾನು ಮೀನಿನ ಬಗ್ಗೆ ಓದಲು ಕೂತ ಮೇಲೆ. ನಮ್ಮ ಮೀನಿನ ಹಳೆಯ ಲೆಕ್ಕ ಒಂದೇ ಕಡೆ ಇಲ್ಲ. ದಕ್ಷಿಣ ಕನ್ನಡದ್ದು ಮದರಾಸು ಮೀನುಗಾರಿಕೆ ಇಲಾಖೆಯ ಬುಲೆಟಿನ್‌ಗಳಲ್ಲಿ, 'ಸೌತ್ ಕೆನರಾ' ಅನ್ನುವ ಹೆಸರಿನ ಕೆಳಗೆ, ಮಲಬಾರಿನ ವಿವರದ ಜೊತೆ ಬೆರೆತು ಕೂತಿದೆ. ಉತ್ತರ ಕನ್ನಡ 1862ರಿಂದ ಬೊಂಬಾಯಿ ಪ್ರಾಂತ್ಯದಲ್ಲಿತ್ತು, ಹಾಗಾಗಿ ಅದರ ಕಾಗದಪತ್ರ ಆ ಕಡೆಯದು. ಘಟ್ಟದ ಮೇಲಿನ ಹೊಳೆ, ಕೆರೆಗಳ ಮೀನು ಮೈಸೂರಿನ ಪಾಲು. ಕೊಡಗು ಬೇರೆ. ಹೈದರಾಬಾದ್ ಕಡೆಯದು ಬೇರೆ.

ಈಗ ಯಾರಾದರೂ ಬಂದು, ನೂರು ವರ್ಷದ ಹಿಂದೆ ಕರ್ನಾಟಕದಲ್ಲಿ ಯಾವ ಮೀನು ಎಲ್ಲಿ ಸಿಗುತ್ತಿತ್ತು ಅಂತ ಕೇಳಿದರೆ, ಉತ್ತರಕ್ಕಾಗಿ ಇಷ್ಟೂ ಆಡಳಿತಗಳ ಕಾಗದ ತಿರುವಬೇಕು. ಗೂಗಲ್ ಅರ್ಧ ದಾರಿಯಲ್ಲೇ ಕೈ ಬಿಡುತ್ತದೆ. ಅಲ್ಲಿಂದ ಮುಂದಕ್ಕೆ ಬೇಕಾಗುವುದು ಒಂದು ಲೈಬ್ರರಿ. ಅದೂ ನಮ್ಮ ಬಡಾವಣೆಯ ಲೈಬ್ರರಿ ಅಲ್ಲ, ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ದೊಡ್ಡ ಲೈಬ್ರರಿಯೂ ಅಲ್ಲ. ಮೀನಿಗಾಗಿಯೇ ಇರುವ ಲೈಬ್ರರಿ.

ಅಂಥದ್ದೊಂದು ಇರುತ್ತದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ನಾನು ವಿಜ್ಞಾನಿ ಅಲ್ಲ. ಕನ್ನಡದಲ್ಲಿ ಕರಪತ್ರ, ಕೈಪಿಡಿ ಬರೆದುಕೊಡುವುದು ನನ್ನ ಹೊಟ್ಟೆಪಾಡು. ಕೆರೆಯಲ್ಲಿ ಮೀನು ಸಾಕುವವರಿಗಾಗಿ ಒಂದು ಚಿಕ್ಕ ಕೈಪಿಡಿ ಬರೆದುಕೊಡಿ ಅಂತ ಪರಿಚಯದವರು ಹೇಳಿದ್ದರು. ಕಾಟ್ಲ, ರೋಹು, ಮೃಗಾಲ್ ಮರಿಗಳನ್ನು ಎಷ್ಟು ಬಿಡಬೇಕು, ಏನು ತಿನ್ನಿಸಬೇಕು, ಅಷ್ಟೇ. ಬರೆಯುತ್ತಾ ಒಂದು ಪ್ರಶ್ನೆ ತಲೆಗೆ ಹೊಕ್ಕಿತು. ಈ ಮೂರೂ ಮೂಲದಲ್ಲಿ ಉತ್ತರದ ನದಿಗಳ ಮೀನು. ಇವನ್ನು ತಂದು ಬಿಡುವುದಕ್ಕೆ ಮುಂಚೆ ನಮ್ಮ ಕೆರೆಗಳಲ್ಲಿ ಏನಿತ್ತು? ಹೇಳಿದವರಿಗೆ ಇದರ ಉತ್ತರ ಬೇಕಾಗಿರಲಿಲ್ಲ, ದುಡ್ಡೂ ಇದಕ್ಕೆ ಸಿಗುತ್ತಿರಲಿಲ್ಲ. ಆದರೂ ಬಿಡಲಾಗಲಿಲ್ಲ.

ಬೆಂಗಳೂರಿನಲ್ಲಿ ಮೀನಿನ ಸಂಶೋಧನೆ ಇದೆ ಅಂದರೆ ನಗುವವರಿದ್ದಾರೆ. ಕಸ್ತೂರಬಾ ರಸ್ತೆಯ ಅಕ್ವೇರಿಯಂ, ಮತ್ಸ್ಯದರ್ಶಿನಿಯ ಮೀನೂಟ, ಇವೆರಡು ಬಿಟ್ಟು ಮೂರನೆಯದು ಜನರಿಗೆ ನೆನಪಾಗುವುದಿಲ್ಲ. ಆದರೆ ಹೆಸರಘಟ್ಟದಲ್ಲಿ, 1894ರ ಆ ಹಳೆಯ ಜಲಾಶಯದ ಪಕ್ಕದಲ್ಲೇ, ಸಿಹಿನೀರಿನ ಮೀನಿನ ಕೇಂದ್ರ ಸರ್ಕಾರಿ ಸಂಶೋಧನೆ ನಡೆಯುತ್ತದೆ. ಹೆಬ್ಬಾಳದಲ್ಲಿ ಬೀದರಿನ ಪಶುವೈದ್ಯ ಮತ್ತು ಮೀನುಗಾರಿಕೆ ವಿಶ್ವವಿದ್ಯಾಲಯಕ್ಕೆ ಸೇರಿದ ಮೀನುಗಾರಿಕೆ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ಇದೆ. ದೇಶದ ಮೊದಲ ಮೀನುಗಾರಿಕೆ ಕಾಲೇಜು 1969ರಲ್ಲಿ ಮಂಗಳೂರಿನಲ್ಲಿ ಶುರುವಾದಾಗಲೂ ಅದು ನಮ್ಮ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಕೈಕೆಳಗೇ ಇತ್ತು.

ನಾನು ಕೂತು ಓದಿದ ಲೈಬ್ರರಿಯ ಹೆಸರು ಬೇಡ. ಹೊರಗಿನವರಿಗೆ ಬಾಗಿಲು ತೆರೆಯಬೇಕು ಅನ್ನುವ ನಿಯಮವೇನೂ ಅಲ್ಲಿ ಇರಲಿಲ್ಲ. ಅಲ್ಲಿದ್ದ ಮೇಡಂ ಒಳ್ಳೆಯ ಮನಸ್ಸಿನಿಂದ ಕೂರಿಸಿದರು, ಅವರಿಗೆ ತೊಂದರೆ ಆಗಬಾರದು. ಒಂದೇ ಕೋಣೆ. ದಪ್ಪ ಪುಸ್ತಕಗಳು ಬಹಳ ಕಡಿಮೆ. ಪುಸ್ತಕಗಳಿಗೆ ವಿಷಯವಾರು ಅಂಕಿ ಕೊಡುವ ಡ್ಯೂಯಿ ಪದ್ಧತಿಯಲ್ಲಿ ಮೀನಿನ ಪ್ರಾಣಿಶಾಸ್ತ್ರಕ್ಕೆ 597, ಹಿಡಿಯುವುದಕ್ಕೆ 639.2, ಸಾಕುವುದಕ್ಕೆ 639.3. ಸಾಮಾನ್ಯ ಲೈಬ್ರರಿಯಲ್ಲಿ ಈ ಮೂರು ಅಂಕಿಗಳಿಗೆ ಒಂದು ಗೇಣು ಜಾಗ ಸಿಕ್ಕರೆ ಹೆಚ್ಚು. ಇಲ್ಲಿ ಇಡೀ ಕೋಣೆಯೇ ಅದು. ಅದರಲ್ಲೂ ಮುಕ್ಕಾಲು ಭಾಗ ಬೆನ್ನೇ ಇಲ್ಲದ ಪುಸ್ತಕಗಳು. ಸ್ಟೇಪಲ್ ಹೊಡೆದ ಬುಲೆಟಿನ್‌ಗಳು, ಸೈಕ್ಲೋಸ್ಟೈಲ್ ಮಾಡಿದ ವರದಿಗಳು, ವಾರ್ಷಿಕ ವರದಿ, ಸೆಮಿನಾರಿನಲ್ಲಿ ಹಂಚಿದ ಹಾಳೆಗಳು, ವಿಜ್ಞಾನಿಗಳು ಒಬ್ಬರಿಗೊಬ್ಬರು ಅಂಚೆಯಲ್ಲಿ ಕಳಿಸಿಕೊಳ್ಳುತ್ತಿದ್ದ ರೀಪ್ರಿಂಟ್‌ಗಳು, ಯಾವುದೋ ಪ್ರಾಜೆಕ್ಟ್ ಮುಗಿದಾಗ ಹತ್ತಾರು ಪ್ರತಿ ಅಚ್ಚು ಹಾಕಿಸಿದ ಲೆಕ್ಕಪತ್ರ.

ಇಂಥವಕ್ಕೆ ಲೈಬ್ರರಿಯವರು ಗ್ರೇ ಲಿಟರೇಚರ್ ಅನ್ನುತ್ತಾರೆ. ಅಂಗಡಿಯಲ್ಲಿ ಮಾರಾಟಕ್ಕೆ ಬರುವುದಿಲ್ಲ, ಪ್ರಕಾಶಕರಿಲ್ಲ, ಎಷ್ಟೋ ಸಲ ಬರೆದವರ ಹೆಸರೂ ಇರುವುದಿಲ್ಲ. ಮೀನುಗಾರಿಕೆಯ ಜ್ಞಾನ ಬಹುಪಾಲು ನಿಂತಿರುವುದೇ ಈ ತೆಳು ಕಾಗದಗಳ ಮೇಲೆ. ಯಾಕೆ ಅಂದರೆ, ಒಂದು ಜಲಾಶಯದ ಮೀನಿನ ಬಗ್ಗೆ ಐದು ವರ್ಷ ಅಳೆದು ಬರೆದದ್ದನ್ನು ಯಾವ ದೊಡ್ಡ ಪ್ರಕಾಶಕರೂ ಅಚ್ಚು ಹಾಕುವುದಿಲ್ಲ. ಕೊಳ್ಳುವವರು ಯಾರು? ಆದರೆ ಆ ಜಲಾಶಯದ ಪಾಲಿಗೆ ಅದಕ್ಕಿಂತ ಮುಖ್ಯವಾದ ಪುಸ್ತಕ ಇನ್ನೊಂದಿಲ್ಲ.

ಒಂದೆರಡು ಉದಾಹರಣೆ ಹೇಳುತ್ತೇನೆ.

ಭದ್ರಾವತಿಯ ಕಾರ್ಖಾನೆಗಳ ಕೊಳಕು ನೀರು ಭದ್ರಾ ಹೊಳೆಯ ಮೀನಿಗೆ ಏನು ಮಾಡುತ್ತಿದೆ ಅಂತ ಎ. ಡೇವಿಡ್ ಅನ್ನುವ ವಿಜ್ಞಾನಿ ಬರೆದ ಲೇಖನ ಅಚ್ಚಾಗಿದ್ದು 1956ರಲ್ಲಿ. ಮಾಲಿನ್ಯ ಅನ್ನುವುದು ನಮ್ಮ ಕಾಲದ ಚರ್ಚೆ ಅಂದುಕೊಂಡಿದ್ದವನಿಗೆ ಇದು ಆಶ್ಚರ್ಯ. ನೀರಿನ ಮಾಲಿನ್ಯ ತಡೆಯುವ ಕಾಯ್ದೆ ದೇಶಕ್ಕೆ ಬಂದಿದ್ದೇ 1974ರಲ್ಲಿ. ಅದಕ್ಕೂ ಸುಮಾರು ಎರಡು ದಶಕ ಮೊದಲೇ ಒಬ್ಬರು ನಮ್ಮ ಒಂದು ಹೊಳೆಯನ್ನು ಅಳೆದು ಬರೆದಿಟ್ಟಿದ್ದಾರೆ. ಅದೇ ಡೇವಿಡ್ ಮತ್ತು ಅವರ ಜೊತೆಗಾರರು ತುಂಗಭದ್ರಾ ಜಲಾಶಯದ ನೀರು ಮತ್ತು ಮೀನಿನ ಬಗ್ಗೆ ಬರೆದ ದೊಡ್ಡ ಅಧ್ಯಯನ, ಬಂಗಾಳದ ಬ್ಯಾರಕ್‌ಪುರದ ಒಳನಾಡು ಮೀನುಗಾರಿಕೆ ಸಂಸ್ಥೆಯ ಬುಲೆಟಿನ್ ಆಗಿ 1969ರಲ್ಲಿ ಬಂತು. ಅಣೆಕಟ್ಟು ಕಟ್ಟಿ ನೀರು ನಿಂತಿದ್ದು 1953ರಲ್ಲಿ. ಅಂದರೆ ಹರಿಯುವ ಹೊಳೆ ನಿಂತ ನೀರಾದ ಮೊದಲ ವರ್ಷಗಳಲ್ಲಿ ಒಳಗೆ ಏನೇನಾಯಿತು ಅನ್ನುವುದಕ್ಕೆ ಅದು ಸಾಕ್ಷಿ. ಇವತ್ತು ಹೋಗಿ ಎಷ್ಟೇ ಒಳ್ಳೆಯ ಯಂತ್ರ ಇಟ್ಟು ಅಳೆದರೂ ಆ ವರ್ಷಗಳ ನೀರು ವಾಪಸ್ ಸಿಗುವುದಿಲ್ಲ, ಅಲ್ವಾ?

ನನ್ನ ಕೆರೆ ಪ್ರಶ್ನೆಗೂ ಇಂಥದ್ದೇ ಒಂದು ತೆಳು ಉತ್ತರ ಸಿಕ್ಕಿತು. ಬಿ. ಎಸ್. ಭೀಮಾಚಾರ್ ಮತ್ತು ಎ. ಸುಬ್ಬರಾವ್ ಅವರು ಮೈಸೂರು ರಾಜ್ಯದ ಮೀನುಗಳ ಪಟ್ಟಿಯನ್ನು ಜಿಲ್ಲೆವಾರು ಮಾಡಲು ಹೊರಟು, ಮೊದಲ ಕಂತಾಗಿ ಕಡೂರು ಜಿಲ್ಲೆಯ ಮೀನುಗಳ ಬಗ್ಗೆ 1941ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಪತ್ರಿಕೆಯಲ್ಲಿ ಬರೆದರು. ಕಡೂರು ಜಿಲ್ಲೆ ಅಂದರೆ ಈಗಿನ ಚಿಕ್ಕಮಗಳೂರು. ಇಲ್ಲೇ ನೋಡಿ ಲೈಬ್ರರಿಯವರ ಕೈಚಳಕ. ನಾನು 'ಚಿಕ್ಕಮಗಳೂರು ಮೀನು' ಅಂತ ಹುಡುಕಿದರೆ ಇದು ಜನ್ಮದಲ್ಲಿ ಸಿಗುವುದಿಲ್ಲ. ಜಿಲ್ಲೆಯ ಹೆಸರು ಬದಲಾಗಿದೆ, ರಾಜ್ಯದ ಹೆಸರು ಬದಲಾಗಿದೆ, ಎಷ್ಟೋ ಮೀನುಗಳ ವೈಜ್ಞಾನಿಕ ಹೆಸರೂ ಬದಲಾಗಿದೆ. ಮೇಡಂಗೆ ಇದೆಲ್ಲ ತಲೆಯಲ್ಲೇ ಇತ್ತು. ಊರಲ್ಲಿ ಯಾರ ಮನೆಗೆ ಯಾರ ಮನೆಯಿಂದ ಹೆಣ್ಣು ತಂದರು, ಆ ಮನೆಯವರು ಮೊದಲು ಎಲ್ಲಿದ್ದರು ಅಂತ ಹೇಳುವ ಅಜ್ಜಿಯರಿರುತ್ತಾರಲ್ಲ, ಹಾಗೆ ಅವರು ಒಂದು ವರದಿಯಿಂದ ಇನ್ನೊಂದಕ್ಕೆ ನೆಂಟಸ್ತನ ಹೇಳಿದರು. ಈ ಭೀಮಾಚಾರ್ ಮುಂದೆ ಸಮುದ್ರದ ಮೀನಿನ ಕಡೆ ಹೋದರು, ಆಮೇಲೆ ಬ್ಯಾರಕ್‌ಪುರದ ಸಂಸ್ಥೆಗೆ ನಿರ್ದೇಶಕರಾದರು, ಹಾಗಾಗಿ ಅವರ ಬರಹ ಬೇಕಿದ್ದರೆ ಮೂರು ಕಡೆ ನೋಡಬೇಕು ಅಂತ.

ಅದೇ ದಾರಿಯಲ್ಲಿ ಸಿಕ್ಕಿದ್ದು 1950ರ ಒಂದು ಲೇಖನ. ಭೀಮಾಚಾರ್ ಮತ್ತು ಪಿ. ಸಿ. ಜಾರ್ಜ್ ಬರೆದದ್ದು. ಮಲಬಾರ್ ಮತ್ತು ಕೆನರಾ ಕರಾವಳಿಯಲ್ಲಿ ಮೀನುಗಾರಿಕೆ ಇದ್ದಕ್ಕಿದ್ದ ಹಾಗೆ ಕುಸಿಯುವುದಕ್ಕೆ ಸಮುದ್ರದ 'ಕೆಂಪು ನೀರು' ಕಾರಣ ಇರಬಹುದು ಅನ್ನುವುದು ವಿಷಯ. ಕಣ್ಣಿಗೆ ಕಾಣದಷ್ಟು ಚಿಕ್ಕ ಜೀವಿಗಳು ಒಮ್ಮೆಲೇ ಕೋಟಿಗಟ್ಟಲೆ ಬೆಳೆದು ನೀರಿನ ಬಣ್ಣವನ್ನೇ ಬದಲಿಸಿಬಿಡುತ್ತವಲ್ಲ, ಅದು. ಇದು ಅಚ್ಚಾಗಿದ್ದು ಎಲ್ಲಿ ಗೊತ್ತಾ? ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ. ಸಿ. ವಿ. ರಾಮನ್ 1934ರಲ್ಲಿ ನಮ್ಮ ಬೆಂಗಳೂರಿನಲ್ಲೇ ಕಟ್ಟಿದ ಅಕಾಡೆಮಿ. ಸಮುದ್ರದಿಂದ ಮುನ್ನೂರೈವತ್ತು ಕಿಲೋಮೀಟರ್ ದೂರದ ಈ ಊರಿನ ಅಕಾಡೆಮಿಯ ಪತ್ರಿಕೆಯಲ್ಲಿ ಕರಾವಳಿಯ ಮೀನಿನ ಗುಟ್ಟೊಂದು ಎಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಕೂತಿದೆ. ಅಕಾಡೆಮಿ ತನ್ನ ಹಳೆಯ ಸಂಚಿಕೆಗಳನ್ನು ಜಾಲತಾಣದಲ್ಲಿ ಪುಕ್ಕಟೆ ಇಟ್ಟಿದೆ, ಮನೆಯಲ್ಲೇ ಕೂತು ಓದಬಹುದು. ಆದರೆ ಅದು ಅಲ್ಲಿದೆ ಅಂತ ಯಾರಾದರೂ ಹೇಳಬೇಕಲ್ಲ.

ಹಳೆಯ ಲೇಖನದ ಚಪಲ ಅಂತ ಬೈಯಬೇಡಿ. ಬೈಗೆ ಮೀನಿನ ಕಥೆ ಕೇಳಿ. ಮಂಗಳೂರು ಕಡೆ ಭೂತಾಯಿ ಅನ್ನುತ್ತಾರೆ, ಕಾರವಾರದ ಕಡೆ ತಾರ್ಲೆ. ಬಂಗುಡೆ ಬಿಟ್ಟರೆ ಕರಾವಳಿಯ ಬಡವರ ಊಟ ಇದೇ. ಕೇರಳದಲ್ಲಿ 2012ರಲ್ಲಿ ಇದು ಸುಮಾರು 4 ಲಕ್ಷ ಟನ್ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 3,297 ಟನ್. ಹತ್ತು ವರ್ಷ ತುಂಬುವುದರೊಳಗೆ ನೂರಕ್ಕೆ ಒಂದು ಪಾಲು. ಟಿವಿಯಲ್ಲಿ ಈ ಸುದ್ದಿ ನೋಡಿದವರಿಗೆ ಸಮುದ್ರವೇ ಸತ್ತುಹೋಯಿತು ಅನ್ನಿಸಿದರೆ ತಪ್ಪಿಲ್ಲ. ಹಳೆಯ ಕಾಗದ ನೋಡಿದವರಿಗೆ ಸ್ವಲ್ಪ ಬೇರೆ ಕಾಣುತ್ತದೆ. ಈ ಮೀನು 1940ರ ದಶಕದಲ್ಲೂ ಕೈಕೊಟ್ಟಿತ್ತು, 1994ರ ಹೊತ್ತಿಗೂ ಕೈಕೊಟ್ಟಿತ್ತು, ಆಮೇಲೆ ತಿರುಗಿ ಬಂದಿತ್ತು. ಜೇಮ್ಸ್ ಹಾರ್ನೆಲ್ ಮತ್ತು ನಾಯುಡು ಅವರು ಮದರಾಸು ಇಲಾಖೆಗಾಗಿ ಬೈಗೆಯ ಜೀವನಚಕ್ರದ ಬಗ್ಗೆ ಬರೆದದ್ದು 1924ರಲ್ಲಿ. ನೀರಿನ ಬಿಸಿ, ಮಳೆ, ಮರಿ ಮೀನು ಹಿಡಿಯುವ ಬಲೆ, ಇವುಗಳಲ್ಲಿ ಯಾವುದರ ತಪ್ಪು ಎಷ್ಟು ಅಂತ ಬೇರೆ ಮಾಡಿ ಹೇಳಬೇಕಾದರೆ ಹತ್ತು ವರ್ಷದ ಅಂಕಿ ಸಾಲದು, ನೂರು ವರ್ಷದ್ದು ಬೇಕು. 2021ರ ಆ ಕುಸಿತಕ್ಕೆ ಮನುಷ್ಯ ಕಾರಣನೇ ಅಲ್ಲ ಅಂತ ನಾನು ಹೇಳುತ್ತಿಲ್ಲ. ಅಳತೆಯ ಕೋಲು ಉದ್ದ ಇರಬೇಕು ಅಂತಿದ್ದೇನೆ ಅಷ್ಟೇ.

ಆ ಉದ್ದದ ಕೋಲನ್ನು ನಮ್ಮ ಪಶ್ಚಿಮ ಕರಾವಳಿಗೆ ಕಾಪಾಡಿಕೊಂಡು ಬಂದಿರುವುದು ಮುಖ್ಯವಾಗಿ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ, ಎಲ್ಲರ ಬಾಯಲ್ಲಿ ಸಿಎಂಎಫ್‌ಆರ್‌ಐ. 1947ರ ಫೆಬ್ರವರಿಯಲ್ಲಿ, ಸ್ವಾತಂತ್ರ್ಯಕ್ಕೂ ಮುಂಚೆ, ಶುರುವಾಗಿ, ಮುಂದೆ ತಮಿಳುನಾಡಿನ ಮಂಡಪಂನಲ್ಲಿದ್ದು, 1971ರಲ್ಲಿ ಕೊಚ್ಚಿಗೆ ಬಂತು. ಮಂಗಳೂರು, ಕಾರವಾರಗಳಲ್ಲೂ ಅದರ ಕೇಂದ್ರಗಳಿವೆ. ಅವರ ಜನ ಬಂದರುಗಳಿಗೆ ಹೋಗಿ, ದಡಕ್ಕೆ ಬರುವ ದೋಣಿಗಳಲ್ಲಿ ಕೆಲವನ್ನು ಲೆಕ್ಕಾಚಾರದ ಪ್ರಕಾರ ಆರಿಸಿ, ಯಾವ ಮೀನು ಎಷ್ಟು ಬಂತು ಅಂತ ಬರೆದುಕೊಳ್ಳುತ್ತಾರೆ. ದಶಕಗಳಿಂದ ಇದೇ ಕೆಲಸ. ಬೇಜಾರಿನ ಕೆಲಸ ಅಂತ ಅನ್ನಿಸಬಹುದು. ಆದರೆ ಮೇಲೆ ಹೇಳಿದ 3,297 ಅನ್ನುವ ಅಂಕಿ ಬಂದಿದ್ದು ಹೀಗೇ. ಆ ಸಂಸ್ಥೆಯ ಲೈಬ್ರರಿಯವರು ತಮ್ಮಲ್ಲಿದ್ದ ಬುಲೆಟಿನ್, ವರದಿ, ಲೇಖನಗಳನ್ನೆಲ್ಲ ಸ್ಕ್ಯಾನ್ ಮಾಡಿ ಇ-ಪ್ರಿಂಟ್ಸ್ ಅನ್ನುವ ಭಂಡಾರದಲ್ಲಿ ಇಟ್ಟಿದ್ದಾರೆ. 10 ಸಾವಿರಕ್ಕೂ ಹೆಚ್ಚು ದಾಖಲೆಗಳಿವೆ. ಪಾಸ್‌ವರ್ಡ್ ಇಲ್ಲ, ಶುಲ್ಕ ಇಲ್ಲ. 1978ರಿಂದ ಬರುತ್ತಿರುವ ಮೀನುಗಾರಿಕೆ ಮಾಹಿತಿ ಸೇವೆಯ ಸಂಚಿಕೆಗಳನ್ನು ನಾನು ಅಲ್ಲೇ ಓದಿದ್ದು. ಒಂದು ಸಂಜೆ ಸುಮ್ನೆ ತೆರೆದರೆ ಮೂರು ಗಂಟೆ ಹೋಗಿದ್ದು ಗೊತ್ತಾಗುವುದಿಲ್ಲ. ಮಲ್ಪೆಯಲ್ಲಿ ಆ ವರ್ಷ ಯಾವ ಬಲೆ ಹೊಸದಾಗಿ ಬಂತು, ಯಾವ ಮೀನು ದಡಕ್ಕೆ ಬಂದು ಬಿತ್ತು ಅನ್ನುವಂಥ ಪುಟ್ಟ ಟಿಪ್ಪಣಿಗಳು ಇರುತ್ತವೆ.

ಪೂರ್ವ ಕರಾವಳಿಯ ಕಡೆ ಇನ್ನೊಂದು ಮಾದರಿ ಇದೆ. 1979ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ ಮದರಾಸಿನಲ್ಲಿ ಬಂಗಾಳ ಕೊಲ್ಲಿ ಕಾರ್ಯಕ್ರಮ ಅಂತ ಶುರು ಮಾಡಿತು. ಸಣ್ಣ ದೋಣಿಯ ಮೀನುಗಾರರಿಗಾಗಿ. ಅಲೆಗೆ ಎದುರಾಗಿ ಮರಳಿನ ಮೇಲೆ ಎಳೆದು ನಿಲ್ಲಿಸಬಹುದಾದ ದೋಣಿ ಹೇಗಿರಬೇಕು ಅನ್ನುವುದರಿಂದ ಹಿಡಿದು ಮೀನುಗಾರರ ಮನೆಯ ಹೆಂಗಸರ ಸಾಲದವರೆಗೆ ವರದಿ ಬರೆದರು. 2003ರಲ್ಲಿ ಅದು ಬಾಂಗ್ಲಾದೇಶ, ಭಾರತ, ಮಾಲ್ಡೀವ್ಸ್, ಶ್ರೀಲಂಕಾ ಸೇರಿ ನಡೆಸುವ ಸರ್ಕಾರಗಳ ನಡುವಿನ ಸಂಸ್ಥೆಯಾಯಿತು. ಪ್ರಾಜೆಕ್ಟ್‌ಗಳ ಗತಿ ಸಾಮಾನ್ಯವಾಗಿ ಏನಾಗುತ್ತದೆ ಅಂತ ನಮಗೆ ಗೊತ್ತು. ದುಡ್ಡು ಮುಗಿಯುತ್ತದೆ, ಬೀರು ಖಾಲಿ ಮಾಡುತ್ತಾರೆ, ರದ್ದಿಗೆ ಹೋಗುತ್ತದೆ. ಇಲ್ಲಿ ಹಾಗಾಗಲಿಲ್ಲ. ಹೊಸ ಸಂಸ್ಥೆ ಹಳೆಯ ವರದಿಗಳನ್ನು ಜೊತೆಗೇ ಹೊತ್ತುಕೊಂಡು ಬಂತು, ಈಗ ಅವು ಜಾಲತಾಣದಲ್ಲೂ ಸಿಗುತ್ತವೆ.

ಮೀನಿನ ಲೈಬ್ರರಿಗಳವರು ಪ್ರಪಂಚದಲ್ಲೆಲ್ಲ ಚದುರಿ ಹೋಗಿದ್ದಾರೆ, ಒಂದು ದೇಶದಲ್ಲಿ ಹತ್ತು ಜನ ಸಿಕ್ಕರೆ ದೊಡ್ಡದು. ಹಾಗಾಗಿ 1975ರಲ್ಲೇ ಅವರು ಒಂದು ಸಂಘ ಮಾಡಿಕೊಂಡರು, ಇಯಾಮ್‌ಸ್ಲಿಕ್ ಅಂತ. ನಿಮ್ಮಲ್ಲಿ ಇಲ್ಲದ ವರದಿ ನಮ್ಮಲ್ಲಿದ್ದರೆ ಪ್ರತಿ ಕಳಿಸುತ್ತೇವೆ, ನಾಳೆ ನಮಗೆ ಬೇಕಾದಾಗ ನೀವು ಕಳಿಸಿ. ಇಷ್ಟೇ ಒಪ್ಪಂದ. ಮುಂದೆ ಅವರು ಒಂದು ಸಾಮೂಹಿಕ ಭಂಡಾರ ಕಟ್ಟಿದರು. ಅದು 2021ರಲ್ಲಿ ಯುನೆಸ್ಕೋದ ಸಾಗರ ಆಯೋಗದವರ ಭಂಡಾರದ ಜೊತೆ ಸೇರಿ ಅಕ್ವಾಡಾಕ್ಸ್ ಆಯಿತು. ಸ್ವಂತ ಸರ್ವರ್ ಇಟ್ಟುಕೊಳ್ಳಲಾಗದ ಪುಟ್ಟ ಸಂಸ್ಥೆಗಳ ವರದಿ ಅಲ್ಲಿ ಸೇರಿಸಬಹುದು. ಇದಕ್ಕೂ ಮುಂಚೆ, 1971ರಿಂದ, ಆಸ್ಫಾ ಅನ್ನುವ ಸಾರಾಂಶ ಪಟ್ಟಿ ಇತ್ತು. ಬೇರೆ ಬೇರೆ ದೇಶದವರು ತಮ್ಮ ತಮ್ಮ ಕಡೆ ಮೀನಿನ ಬಗ್ಗೆ ಬಂದ ಬರಹಗಳ ಸಾರಾಂಶ ಬರೆದು ಕಳಿಸುವುದು, ಎಲ್ಲ ಸೇರಿ ಒಂದು ಸೂಚಿ. ಒಳ್ಳೆಯ ಕೆಲಸವೇ. ಆದರೆ ಬಹಳ ಕಾಲ ಅದನ್ನು ಖಾಸಗಿ ಕಂಪನಿಯ ಮೂಲಕ ದುಬಾರಿ ಚಂದಾಕ್ಕೆ ಮಾರುತ್ತಿದ್ದರು. ನಮ್ಮವರೇ ಪುಕ್ಕಟೆ ಬರೆದು ಕಳಿಸಿದ್ದನ್ನು ನಮ್ಮವರೇ ದುಡ್ಡು ಕೊಟ್ಟು ನೋಡುವ ಸ್ಥಿತಿ. ನನಗೆ ಇದು ಯಾವತ್ತೂ ಸರಿ ಅನ್ನಿಸಿಲ್ಲ.

ಹೆಸರಿನ ವಿಷಯಕ್ಕೆ ಬರುತ್ತೇನೆ, ಇದು ಸ್ವಲ್ಪ ಉದ್ದದ ಕಥೆ. ಕಾವೇರಿಯ ಬಿಳಿಮೀನು ಗೊತ್ತಲ್ಲ, ಮಹಸೀರ್. ರಾಮನಾಥಪುರದಲ್ಲಿ ದೇವರ ಮೀನು ಅಂತ ಮಂಡಕ್ಕಿ ಹಾಕುತ್ತೇವಲ್ಲ, ಆ ಕುಲದ್ದು. ಭೀಮೇಶ್ವರಿ, ಗಾಲಿಬೋರೆ ಕಡೆ ಗಾಳ ಹಾಕಲು ಒಂದು ಕಾಲದಲ್ಲಿ ಜಗತ್ತಿನ ಮೂಲೆ ಮೂಲೆಯಿಂದ ಜನ ಬರುತ್ತಿದ್ದರು. ಅಲ್ಲಿನ ಬೆನ್ನು ಉಬ್ಬಿದ ದೈತ್ಯ ಮಹಸೀರ್‌ಗೆ ವಿಜ್ಞಾನದಲ್ಲಿ ಸರಿಯಾದ ಹೆಸರೇ ಇರಲಿಲ್ಲ ಅಂದರೆ ನಂಬುತ್ತೀರಾ? 1839ರಲ್ಲಿ ಸೈಕ್ಸ್ ಅನ್ನುವ ಸೇನಾಧಿಕಾರಿ ದಖ್ಖನ್ನಿನ ಒಂದು ಮೀನಿಗೆ ಇಟ್ಟ ಹೆಸರನ್ನೇ ಇದಕ್ಕೂ ಅಂಟಿಸಿ ಕರೆಯುತ್ತಿದ್ದರು. ಅದು ಬೇರೆ ಮೀನು, ಇದು ಬೇರೆ ಮೀನು. ಇತ್ತ 2007ರಲ್ಲಿ ಕೇರಳದಲ್ಲಿ ಕಾವೇರಿಯ ಉಪನದಿ ಪಾಂಬಾರಿನಿಂದ ಒಂದು ಹೊಸ ಮಹಸೀರ್ ವಿವರಿಸಿ, ಪ್ರಾಣಿಶಾಸ್ತ್ರ ಸರ್ವೇಕ್ಷಣೆಯ ವಿಜ್ಞಾನಿ ರೆಮಾ ದೇವಿ ಅವರ ಗೌರವಕ್ಕೆ ಟಾರ್ ರೆಮಾದೇವಿಯೈ ಅಂತ ಹೆಸರಿಟ್ಟರು. ನಮ್ಮ ದೈತ್ಯನೂ ಅದೇ ಜಾತಿ ಅಂತ 2018ರಲ್ಲಿ ಒಂದು ತಂಡ ತೋರಿಸಿತು. ವಂಶವಾಹಿ ಪರೀಕ್ಷೆಯ ಜೊತೆಗೆ ಹಳೆಯ ಬರಹಗಳನ್ನೂ ಜಾಲಾಡಿದ್ದರು. ಅದೇ ವರ್ಷ ಆ ಮೀನು ಅಳಿವಿನ ತೀವ್ರ ಅಪಾಯದಲ್ಲಿದೆ ಅಂತ ಐಯುಸಿಎನ್ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆಯ ಕೆಂಪು ಪಟ್ಟಿಗೆ ಸೇರಿತು.

ಹೆಸರಿಲ್ಲದಿದ್ದರೆ ಪಟ್ಟಿಗೆ ಸೇರಿಸುವುದು ಹೇಗೆ, ಕಾಪಾಡಲು ದುಡ್ಡು ಕೇಳುವುದು ಹೇಗೆ? ಇಲ್ಲಿ ಹಳೆಯ ಕಾಗದದ ಬೆಲೆ ಗೊತ್ತಾಗುತ್ತದೆ. 1873ರಲ್ಲಿ ಗಾಳದ ಮೀನುಗಾರಿಕೆ ಬಗ್ಗೆ ಪುಸ್ತಕ ಬರೆದ ಎಚ್. ಎಸ್. ಥಾಮಸ್ ನಮ್ಮ ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದವರು. ಅದಕ್ಕೂ ಮುಂಚೆ, 1870ರಲ್ಲಿ, ಅವರು ದಕ್ಷಿಣ ಕನ್ನಡದ ಮೀನು ಸಾಕಣೆ ಬಗ್ಗೆ ಸರ್ಕಾರಕ್ಕೆ ಒಂದು ವರದಿ ಬರೆದಿದ್ದರು. 1873ರಲ್ಲೇ ಮೀನು ತಜ್ಞ ಫ್ರಾನ್ಸಿಸ್ ಡೇ ಇಡೀ ದೇಶದ ಸಿಹಿನೀರಿನ ಮೀನಿನ ಬಗ್ಗೆ ವರದಿ ಕೊಟ್ಟರು. ಇವೆಲ್ಲ ಸೇರಿ 1897ರಲ್ಲಿ ಮೀನುಗಾರಿಕೆ ಕಾಯ್ದೆ ಬಂತು, ಡೈನಮೈಟ್ ಸಿಡಿಸಿ ಅಥವಾ ವಿಷ ಹಾಕಿ ಮೀನು ಹಿಡಿಯುವುದು ಅಪರಾಧ ಆಯಿತು. ಡೇ ಅವರ ಚಿತ್ರಗಳಿರುವ ದೊಡ್ಡ ಸಂಪುಟಗಳು ಈಗ ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿಯ ತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಮೀನಿನ ಆಸಕ್ತಿ ಇಲ್ಲದವರೂ ಚಿತ್ರಕ್ಕಾಗಿ ನೋಡಬಹುದು.

ಎಲ್ಲ ಜಾಲದಲ್ಲಿ ಬಂದ ಮೇಲೆ ಲೈಬ್ರರಿ ಕೋಣೆ ಯಾಕೆ, ಲೈಬ್ರೇರಿಯನ್ ಸಂಬಳ ಯಾಕೆ? ಈ ಪ್ರಶ್ನೆ ಕೇಳುವವರು ಆಫೀಸುಗಳಲ್ಲಿ ಜಾಸ್ತಿ ಆಗಿದ್ದಾರೆ. ಒಬ್ಬರು ನಿವೃತ್ತರಾದರೆ ಆ ಹುದ್ದೆ ಹಾಗೇ ಖಾಲಿ ಬೀಳುವುದನ್ನು ನಾವೆಲ್ಲ ನೋಡುತ್ತಲೇ ಇದ್ದೇವೆ. ತಮಾಷೆ ಅಂದರೆ ಇದು ಎಸ್. ಆರ್. ರಂಗನಾಥನ್ ಕೊನೆಯವರೆಗೂ ಬಾಳಿದ ಊರು. ದೇಶದಲ್ಲಿ ಲೈಬ್ರರಿ ವಿಜ್ಞಾನ ಅಂತ ಒಂದು ಶಾಸ್ತ್ರ ಬೆಳೆಸಿದವರು. 1962ರಲ್ಲಿ ಇಲ್ಲೇ ಡಿಆರ್‌ಟಿಸಿ ಅನ್ನುವ ತರಬೇತಿ ಕೇಂದ್ರ ಕಟ್ಟಿದರು, 1972ರಲ್ಲಿ ಇಲ್ಲೇ ತೀರಿಕೊಂಡರು. ಓದುವವನ ಸಮಯ ಉಳಿಸಬೇಕು ಅನ್ನುವುದು ಅವರ ಐದು ಸೂತ್ರಗಳಲ್ಲಿ ಒಂದು. ಪುಸ್ತಕ ಕಾಯುವುದಲ್ಲ, ಸಮಯ ಉಳಿಸುವುದು. ಸ್ಕ್ಯಾನ್ ಮಾಡಿ ಜಾಲಕ್ಕೆ ಹಾಕಿದ ಮಾತ್ರಕ್ಕೆ ಆ ಕೆಲಸ ಮುಗಿಯುವುದಿಲ್ಲ. ಪ್ರತಿ ವರದಿಗೂ ಯಾವ ಮೀನು, ಯಾವ ಹೊಳೆ, ಯಾವ ವರ್ಷ ಅಂತ ಯಾರೋ ಕೂತು ಬರೆಯಬೇಕು. ಕ್ಲುಪಿಯಾ ಲಾಂಜಿಸೆಪ್ಸ್ ಅಂತ ಡೇ ಬರೆದದ್ದೇ ಈಗಿನ ಸಾರ್ಡಿನೆಲ್ಲಾ ಲಾಂಜಿಸೆಪ್ಸ್, ಅಂದರೆ ನಮ್ಮ ಬೈಗೆ, ಅಂತ ಗೊತ್ತಿರುವವರು ಬೇಕು. ಇಲ್ಲದಿದ್ದರೆ ಅದು ಕೋಣೆಯಲ್ಲಿ ಕಳೆದುಹೋಗಿದ್ದು ಜಾಲದಲ್ಲಿ ಕಳೆದುಹೋಗುತ್ತದೆ, ಅಷ್ಟೇ ವ್ಯತ್ಯಾಸ.

ದುಡ್ಡಿನ ಕಡೆ ಒಂದು ಒಳ್ಳೆಯ ಸುದ್ದಿ ಇದೆ, ಅದನ್ನೂ ಹೇಳಬೇಕು. ಸಂಶೋಧನಾ ಪತ್ರಿಕೆಗಳಿಗೆ ಸರ್ಕಾರಿ ಸಂಸ್ಥೆಗಳ ಪರವಾಗಿ ಒಟ್ಟಿಗೆ ಚಂದಾ ಕಟ್ಟುವ 'ಒಂದು ದೇಶ ಒಂದು ಚಂದಾ' ಅನ್ನುವ ಯೋಜನೆಗೆ ಕೇಂದ್ರ ಸರ್ಕಾರ 2024ರ ನವೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. 2025ರಿಂದ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಪತ್ರಿಕೆಗಳು, 6,300 ಸಂಸ್ಥೆಗಳು. ಸಣ್ಣ ಊರಿನ ಸರ್ಕಾರಿ ಕಾಲೇಜಿನ ಹುಡುಗಿಗೂ ದೊಡ್ಡ ಪತ್ರಿಕೆ ಸಿಗುತ್ತದೆ, ಸಂತೋಷ. ಕೃಷಿ ಸಂಸ್ಥೆಗಳವರಿಗೆ ಸೆರಾ ಅನ್ನುವ ಒಕ್ಕೂಟದ ಮೂಲಕ ಇದಕ್ಕೂ ಮೊದಲೇ ಪತ್ರಿಕೆಗಳು ಸಿಗುತ್ತಿದ್ದವು. ಆದರೆ ಇವೆಲ್ಲ ಸರ್ಕಾರಿ ಸಂಸ್ಥೆಯ ಒಳಗಿರುವವರಿಗೆ. ನನ್ನಂಥವರಿಗೆ ಇಲ್ಲ. ಕೆರೆ ಸಮಿತಿಯವರಿಗೆ ಇಲ್ಲ, ಮೀನುಗಾರರ ಸಹಕಾರ ಸಂಘದ ಕಾರ್ಯದರ್ಶಿಗೆ ಇಲ್ಲ, ಟೆಂಡರ್ ಹಿಡಿದು ಕೆರೆಗೆ ಮರಿ ಬಿಡುವವರಿಗೆ ಇಲ್ಲ. ಇನ್ನೊಂದು, ದೊಡ್ಡ ಪ್ರಕಾಶಕರ ಪತ್ರಿಕೆ ಎಷ್ಟು ಸಿಕ್ಕರೂ ಅದರಲ್ಲಿ ತುಂಗಭದ್ರೆಯ ಬುಲೆಟಿನ್ ಇರುವುದಿಲ್ಲ. 6,000 ಕೋಟಿಯ ಪಕ್ಕದಲ್ಲಿ, ತೆಳು ವರದಿಗಳನ್ನು ಸ್ಕ್ಯಾನ್ ಮಾಡಿ ಪಟ್ಟಿ ಮಾಡುವುದಕ್ಕೆ ಎಷ್ಟು ಇಡುತ್ತೇವೆ ಅನ್ನುವುದನ್ನು ನೋಡಿದರೆ ನಮ್ಮ ಬುದ್ಧಿ ಎಲ್ಲಿದೆ ಅಂತ ತಿಳಿಯುತ್ತದೆ.

ಭಾಷೆಯ ಗೋಡೆಯಂತೂ ಹಾಗೇ ನಿಂತಿದೆ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಮೀನು ರಾಶಿ ರಾಶಿ ಸತ್ತು ತೇಲಿತಲ್ಲ, ಆಗ ಊರೆಲ್ಲ ಯಾರೋ ವಿಷ ಹಾಕಿದರು ಅನ್ನುವಂಥ ಮಾತು. ಕೊಳಚೆ ಸೇರಿದ ಕೆರೆಯಲ್ಲಿ ಮೀನು ಸಾಯುವುದಕ್ಕೆ ಬೇರೆ ವಿಷವೇ ಬೇಕಿಲ್ಲ. ಹಗಲು ಪಾಚಿ ಆಮ್ಲಜನಕ ಕೊಡುತ್ತದೆ, ರಾತ್ರಿ ಅದೂ ಉಸಿರಾಡಲು ಆಮ್ಲಜನಕ ಎಳೆದುಕೊಳ್ಳುತ್ತದೆ, ಕೊಳಚೆ ಕೊಳೆಯಲೂ ಆಮ್ಲಜನಕ ಬೇಕು, ಹಾಗಾಗಿ ಬೆಳಗಿನ ಜಾವದ ಹೊತ್ತಿಗೆ ನೀರಿನಲ್ಲಿ ಏನೂ ಉಳಿದಿರುವುದಿಲ್ಲ. ಬೇಸಿಗೆಯಲ್ಲಿ ನೀರು ಬಿಸಿಯಾದಷ್ಟೂ ಅದು ಹಿಡಿದಿಟ್ಟುಕೊಳ್ಳುವ ಆಮ್ಲಜನಕ ಕಡಿಮೆ. ಮೀನು ಮೇಲೆ ಬಂದು ಬಾಯಿ ತೆರೆದು ಒದ್ದಾಡುವುದು ಅದಕ್ಕೇ. ಮೀನು ಸಾಕಣೆಯ ಯಾವ ಇಂಗ್ಲಿಷ್ ಪಠ್ಯ ತೆಗೆದರೂ ಇದು ಇರುತ್ತದೆ. ಕನ್ನಡದಲ್ಲಿ, ಕೆರೆ ಏರಿಯ ಮೇಲೆ ನಿಂತವರ ಫೋನಿಗೆ ಸಿಗುವ ಹಾಗೆ, ಬಹಳ ಕಡಿಮೆ. ಇಲಾಖೆಗಳು ಕನ್ನಡದಲ್ಲಿ ಕೈಪಿಡಿ ತರುವುದೇ ಇಲ್ಲ ಅಂತ ಅಲ್ಲ. ತರುತ್ತಾರೆ, ಮೇಳದಲ್ಲಿ ಹಂಚುತ್ತಾರೆ, ಮುಗಿಯಿತು. ಅವನ್ನು ಯಾರೂ ಲೈಬ್ರರಿಗೆ ಸೇರಿಸುವುದಿಲ್ಲ, ಪಟ್ಟಿ ಮಾಡುವುದಿಲ್ಲ. ನಾನು ಬರೆದುಕೊಟ್ಟ ಕೈಪಿಡಿಯ ಎರಡು ಪ್ರತಿಯನ್ನು ಮೇಡಂಗೆ ಕೊಟ್ಟಾಗ ಅವರು ತಕ್ಷಣ ಒಂದಕ್ಕೆ ನಂಬರ್ ಹಾಕಿ ಒಳಗಿಟ್ಟರು. ಕನ್ನಡದಲ್ಲಿ ಯಾರೂ ತಂದು ಕೊಡುವುದೇ ಇಲ್ಲ ಅಂದರು.

ನಿಮಗೆ ಮೀನಿನ ಬಗ್ಗೆ, ನಿಮ್ಮೂರ ಕೆರೆ ಅಥವಾ ಹೊಳೆಯ ಬಗ್ಗೆ ಏನಾದರೂ ಹಳೆಯದು ಬೇಕಿದ್ದರೆ ಮೊದಲು ಸಿಎಂಎಫ್‌ಆರ್‌ಐ ಭಂಡಾರ, ಅಕ್ವಾಡಾಕ್ಸ್, ಕೃಷಿ ವಿಶ್ವವಿದ್ಯಾಲಯಗಳ ಪ್ರಬಂಧಗಳಿರುವ ಕೃಷಿಕೋಶ ನೋಡಿ. ಫಿಶ್‌ಬೇಸ್ ಅನ್ನುವ ತಾಣದಲ್ಲಿ 35 ಸಾವಿರಕ್ಕೂ ಹೆಚ್ಚು ಜಾತಿಯ ಮೀನುಗಳ ವಿವರ ಇದೆ, ಒಂದೇ ಮೀನಿನ ಹಳೆಯ ವೈಜ್ಞಾನಿಕ ಹೆಸರುಗಳೆಲ್ಲ ಅಲ್ಲಿ ಸಿಗುತ್ತವೆ. ಅವನ್ನು ಬರೆದಿಟ್ಟುಕೊಂಡು ಹುಡುಕಿ, ಊರಿನ ಹಳೆಯ ಇಂಗ್ಲಿಷ್ ಕಾಗುಣಿತವನ್ನೂ ಹಾಕಿ. ಆದರೂ ಸಿಗದಿದ್ದರೆ ಯಾವುದಾದರೂ ಮೀನುಗಾರಿಕೆ ಸಂಸ್ಥೆಯ ಲೈಬ್ರೇರಿಯನ್‌ಗೆ ನಾಲ್ಕು ಸಾಲಿನ ಮೇಲ್ ಬರೆಯಿರಿ. ಯಾವ ಮೀನು, ಯಾವ ನೀರು, ಯಾವ ವರ್ಷದ ಆಸುಪಾಸು, ಈ ಮೂರು ಇರಲಿ, ನಿಮಗೆ ಯಾತಕ್ಕೆ ಬೇಕು ಅನ್ನುವುದೂ ಒಂದು ಸಾಲು ಇರಲಿ. ಉತ್ತರ ತಡವಾಗಬಹುದು. ಮನೆಯಲ್ಲಿ ಇಲಾಖೆಯಿಂದ ನಿವೃತ್ತರಾದ ಹಿರಿಯರಿದ್ದು ಅಟ್ಟದ ಮೇಲೆ ಬುಲೆಟಿನ್, ಹಳೆಯ ವರದಿ ಇದ್ದರೆ, ರದ್ದಿಯವನನ್ನು ಕರೆಯುವ ಮುಂಚೆ ಅದೇ ಮೇಲ್‌ನಲ್ಲಿ ಅವುಗಳ ಹೆಸರು, ವರ್ಷ ಬರೆದು ಬೇಕಾ ಅಂತ ಕೇಳಿ.